ಹೊಟ್ಟೆ ಕೊಯ್ಯದೆ ಕರುಳಿನ ಗಂಟು ತೆಗೆಯುವ ವಿದ್ಯೆ

ಮಗುವಿನ ಮಲದಲ್ಲಿ ರಕ್ತ ಕಂಡಿತೆಂದರೆ ನಮ್ಮ ಮನೆಗಳಲ್ಲಿ ಮೊದಲು ಬರುವ ಮಾತು ‘ಉಷ್ಣ ಆಗಿರಬೇಕು’ ಎಂಬುದು. ಎಳನೀರು ಕುಡಿಸುತ್ತಾರೆ, ಕಾಮಕಸ್ತೂರಿ ಬೀಜ ನೆನೆಹಾಕಿ ಕೊಡುತ್ತಾರೆ, ನೆತ್ತಿಗೆ ಹರಳೆಣ್ಣೆ ತಟ್ಟುತ್ತಾರೆ. ದೊಡ್ಡವರಿಗೆ ಹೀಗಾದರೆ ಅದು ಮೂಲವ್ಯಾಧಿಯೇ ಎಂದು ತಾವೇ ತೀರ್ಮಾನಿಸಿ, ಮನೆಯವರಿಗೂ ಹೇಳದೆ, ಬಸ್ ನಿಲ್ದಾಣದ ಗೋಡೆಯ ಜಾಹೀರಾತು ನೋಡಿ ಔಷಧಿ ತಂದುಕೊಳ್ಳುತ್ತಾರೆ. ನಾಲ್ಕು ದಿನಕ್ಕೆ ರಕ್ತ ನಿಲ್ಲುತ್ತದೆ. ಮದ್ದು ಹಿಡಿಯಿತೆಂದು ಎಲ್ಲರಿಗೂ ಸಮಾಧಾನ.

ಅನೇಕ ವೇಳೆ ಈ ಊಹೆ ಸರಿಯಾಗಿಯೂ ಇರಬಹುದು. ಮಲಬದ್ಧತೆಯಿಂದ ಗುದದ್ವಾರ ಬಿರಿದು ರಕ್ತ ಬರುವುದು, ಮೂಲವ್ಯಾಧಿಯಿಂದ ಬರುವುದು ಸಾಮಾನ್ಯವೇ. ಆದರೆ ಇನ್ನೊಂದು ಕಾರಣವೂ ಉಂಟು. ಅದು ಕರುಳಿನ ಒಳಗೋಡೆಯ ಮೇಲೆ ಮೂಡುವ ಪಾಲಿಪ್ ಎಂಬ ಗಂಟು. ಅದರಿಂದ ಬರುವ ರಕ್ತವೂ ನಾಲ್ಕು ದಿನ ಬಂದು ತಾನಾಗಿಯೇ ನಿಲ್ಲುತ್ತದೆ. ತಿಂಗಳು ಕಳೆದ ಮೇಲೆ ಮತ್ತೆ ಕಾಣಿಸಿಕೊಳ್ಳುತ್ತದೆ. ಅದು ನಿಂತದ್ದು ಎಳನೀರಿನಿಂದಲ್ಲ.

ಈ ಗಂಟನ್ನು ಇಂದು ಹೊಟ್ಟೆ ಕೊಯ್ಯದೆ, ಹೊರಗೆ ಒಂದು ಹೊಲಿಗೆಯನ್ನೂ ಹಾಕದೆ ತೆಗೆಯಬಹುದು. ಬಹುಪಾಲು ರೋಗಿಗಳು ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಸಂಜೆ ಮನೆಗೆ ಮರಳುತ್ತಾರೆ. ಹೀಗೆ ತೆಗೆಯುವುದರಿಂದ ಮಗುವಿಗೆ ರಕ್ತಹೀನತೆ ತಪ್ಪುತ್ತದೆ. ದೊಡ್ಡವರಲ್ಲಿ, ಮುಂದೆಂದೋ ಬರಬಹುದಾಗಿದ್ದ ಕ್ಯಾನ್ಸರ್ ತಪ್ಪಬಹುದು. ರೋಗ ಬಲಿತ ಮೇಲೆ ಹೋರಾಡುವುದು ವೈದ್ಯರಿಗೆ ನಿತ್ಯದ ಕೆಲಸ. ರೋಗವಾಗುವ ಮೊದಲೇ ಅದರ ಮೊಳಕೆಯನ್ನು ಚಿವುಟುವ ಅವಕಾಶ ಸಿಗುವುದು ಅಪರೂಪ. ಪಾಲಿಪ್ ಚಿಕಿತ್ಸೆ ಅಂಥದೊಂದು ಅವಕಾಶ. ಅದನ್ನು ಕಳೆದುಕೊಳ್ಳುವಂತೆ ಮಾಡುವುದು ಬಹುತೇಕ ನಮ್ಮ ಸಂಕೋಚ ಮತ್ತು ತಡ.

ಪಾಲಿಪ್ ಎಂದರೇನು?

ಅನ್ನನಾಳದಿಂದ ಗುದದ್ವಾರದವರೆಗೆ ನಮ್ಮ ಜೀರ್ಣಾಂಗಗಳ ಒಳಮೈಗೆ ತೇವವಾದ, ನುಣುಪಾದ ಲೋಳೆಪೊರೆಯ ಹೊದಿಕೆಯಿದೆ. ಕರುಳಿನಲ್ಲಿ ಇದರ ಮೇಲ್ಪದರದ ಜೀವಕೋಶಗಳು ಕೆಲವೇ ದಿನ ಬದುಕಿ ಉದುರಿಹೋಗಿ, ಹೊಸ ಕೋಶಗಳಿಗೆ ಎಡೆಮಾಡಿಕೊಡುತ್ತವೆ. ಈ ಹುಟ್ಟುಸಾವಿನ ಲೆಕ್ಕ ಒಂದೆಡೆ ತಪ್ಪಿ ಹುಟ್ಟು ಹೆಚ್ಚಾದರೆ ಅಲ್ಲಿ ಪೊರೆ ಉಬ್ಬಿ ಗಂಟಾಗುತ್ತದೆ. ಚರ್ಮದ ಮೇಲಿನ ನರಹುಲಿಯನ್ನು ನೆನೆಸಿಕೊಂಡರೆ ಇದರ ಸ್ವರೂಪ ಸುಮಾರಾಗಿ ತಿಳಿಯುತ್ತದೆ. ಕೆಲವು ಪಾಲಿಪ್‌ಗಳು ಅಣಬೆಯಂತೆ ತೊಟ್ಟಿನ ಮೇಲೆ ನಿಂತಿರುತ್ತವೆ. ಕೆಲವು ತೊಟ್ಟಿಲ್ಲದೆ, ಹಂಚಿನ ಮೇಲೆ ಹೊಯ್ದ ಹಿಟ್ಟಿನಂತೆ ಗೋಡೆಗೆ ಅಂಟಿ ಹರಡಿಕೊಂಡಿರುತ್ತವೆ. ಗಾತ್ರವೂ ಅಷ್ಟೇ: ಸಾಸಿವೆಕಾಳಿನಷ್ಟು ಸಣ್ಣದರಿಂದ ಹಿಡಿದು ನಿಂಬೆಹಣ್ಣಿನಷ್ಟು ದೊಡ್ಡದರವರೆಗೆ.

‘ಪಾಲಿಪ್’ ಗ್ರೀಕ್ ಮೂಲದ ಶಬ್ದ. ‘ಅನೇಕ ಪಾದಗಳುಳ್ಳದ್ದು’ ಎಂದು ಅರ್ಥ. ಮೂಗಿನಲ್ಲಿ, ಗರ್ಭಕೋಶದಲ್ಲಿ ಬೆಳೆಯುವ ಗಂಟುಗಳಿಗೂ ಇದೇ ಹೆಸರಿದೆ. ಹೆಸರು ಒಂದೇ ಆದರೂ ಅವುಗಳ ದಾರಿ ಬೇರೆ. ಇಲ್ಲಿ ಹೇಳುತ್ತಿರುವುದು ಜಠರ ಮತ್ತು ಕರುಳಿನ ಪಾಲಿಪ್‌ಗಳನ್ನು ಕುರಿತು ಮಾತ್ರ.

ಜಠರದ ಪಾಲಿಪ್‌ಗಳಲ್ಲಿ ಹೆಚ್ಚಿನವು ನಿರುಪದ್ರವಿ. ಆಮ್ಲ ತಗ್ಗಿಸುವ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗುವವರಲ್ಲಿ ಒಂದು ಬಗೆಯ ಸಣ್ಣ ಗಂಟುಗಳು ಕಾಣುವುದುಂಟು. ‘ಗ್ಯಾಸ್ ಮಾತ್ರೆ’ ಎಂದು ಅಂಗಡಿಯಿಂದ ತಾವಾಗಿಯೇ ತಂದು ನುಂಗುವವರು ಇದನ್ನು ಗಮನಿಸಬೇಕು. ಹೆಲಿಕೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಸೋಂಕಿನಿಂದ ಬಂದ ಕೆಲವು ಗಂಟುಗಳು ಆ ಸೋಂಕಿಗೆ ಚಿಕಿತ್ಸೆ ಕೊಟ್ಟ ಮೇಲೆ ಕುಗ್ಗಿಹೋಗುವುದೂ ಉಂಟು. ಹೆಚ್ಚು ಎಚ್ಚರ ಬೇಕಾದದ್ದು ದೊಡ್ಡಕರುಳಿನ ವಿಷಯದಲ್ಲಿ.

ಮಕ್ಕಳಲ್ಲಿ

ಪಾಲಿಪ್ ವಯಸ್ಸಾದವರ ತೊಂದರೆ ಎಂಬ ಭಾವನೆ ಅನೇಕರಲ್ಲಿದೆ. ವಾಸ್ತವವಾಗಿ ಎರಡರಿಂದ ಹತ್ತು ವರ್ಷದೊಳಗಿನ ಮಕ್ಕಳಲ್ಲಿ ‘ಜುವೆನೈಲ್ ಪಾಲಿಪ್’ ಎಂಬ ಒಂದು ಬಗೆ ಸಾಕಷ್ಟು ಸಾಮಾನ್ಯ. ಈ ವಯಸ್ಸಿನಲ್ಲಿ ನೋವಿಲ್ಲದೆ, ಮಗು ಆಡಿಕೊಂಡು ಉಂಡುಕೊಂಡು ಇರುವಾಗಲೇ ಮಲದೊಂದಿಗೆ ಕೆಂಪು ರಕ್ತ ಹೋಗುತ್ತಿದ್ದರೆ ವೈದ್ಯರು ಮೊದಲು ಶಂಕಿಸುವ ಕಾರಣಗಳಲ್ಲಿ ಇದೂ ಒಂದು. ಗಂಟು ಸಾಮಾನ್ಯವಾಗಿ ಒಂದೇ ಇರುತ್ತದೆ. ಬಹುಪಾಲು ಗುದನಾಳದಲ್ಲಿ ಅಥವಾ ಅದಕ್ಕೆ ಹತ್ತಿರದ ಕರುಳಿನಲ್ಲಿರುತ್ತದೆ. ಉದ್ದ ತೊಟ್ಟಿನದಾದರೆ ಮುಕ್ಕುವಾಗ ಕೆಂಪು ದ್ರಾಕ್ಷಿಯಂತೆ ಹೊರಗಿಣುಕಿ ತಾಯಿಯನ್ನು ಗಾಬರಿಗೊಳಿಸುವುದೂ ಉಂಟು.

ಒಂಟಿ ಜುವೆನೈಲ್ ಪಾಲಿಪ್ ಕ್ಯಾನ್ಸರ್‌ಗೆ ದಾರಿಯಲ್ಲ. ಹಾಗೆಂದು ಬಿಟ್ಟುಬಿಡುವಂತೆಯೂ ಇಲ್ಲ. ದಿನಕ್ಕೆ ಒಂದು ಚಮಚೆಯಷ್ಟೇ ರಕ್ತ ಹೋದರೂ ತಿಂಗಳುಗಳಲ್ಲಿ ಮಗು ಬಿಳಿಚಿಕೊಳ್ಳುತ್ತದೆ, ಆಟದಲ್ಲಿ ಬೇಗ ದಣಿಯುತ್ತದೆ, ಪಾಠದಲ್ಲಿ ಮನಸ್ಸು ನಿಲ್ಲುವುದಿಲ್ಲ. ಕಬ್ಬಿಣಾಂಶದ ಟಾನಿಕ್ ಎಷ್ಟು ಕೊಟ್ಟರೂ ರಕ್ತಹೀನತೆ ಸರಿಹೋಗದ ಮಗುವಿಗೆ ಸೋರಿಕೆ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. ಗಂಟನ್ನು ತೆಗೆದರೆ ಸೋರಿಕೆ ನಿಲ್ಲುತ್ತದೆ.

ಮಕ್ಕಳಲ್ಲಿ ಅಪರೂಪವಾಗಿ ಕಾಣುವ, ವಂಶಪಾರಂಪರ್ಯವಾಗಿ ಬರುವ ಎರಡು ತೊಂದರೆಗಳನ್ನು ತಂದೆತಾಯಿ ಮತ್ತು ಉಪಾಧ್ಯಾಯರು ತಿಳಿದಿರುವುದು ಒಳ್ಳೆಯದು. ಒಂದು ಪೊಯಿಟ್ಸ್-ಜೆಗರ್ಸ್ ಲಕ್ಷಣಕೂಟ. ಇದರಲ್ಲಿ ಮಗುವಿನ ತುಟಿಯ ಮೇಲೆ, ಕೆನ್ನೆಯ ಒಳಭಾಗದಲ್ಲಿ ಶಾಯಿ ಚಿಮುಕಿಸಿದಂತೆ ಕಪ್ಪು ಕಂದು ಚುಕ್ಕೆಗಳಿರುತ್ತವೆ. ಸಣ್ಣಕರುಳಿನಲ್ಲಿ ಪಾಲಿಪ್‌ಗಳು ಬೆಳೆದಿರುತ್ತವೆ. ಗಂಟು ಕರುಳಿನ ಒಂದು ಭಾಗವನ್ನು ಇನ್ನೊಂದರೊಳಕ್ಕೆ ಎಳೆದುಕೊಂಡು ಹೋಗಿ ತಡೆಯುಂಟುಮಾಡಿದರೆ ಅದು ತುರ್ತುಸ್ಥಿತಿ. ತುಟಿಯಲ್ಲಿ ಇಂಥ ಚುಕ್ಕೆಗಳಿರುವ ಮಗು ಪದೇ ಪದೇ ಹೊಟ್ಟೆ ಹಿಡಿದುಕೊಂಡು ಅತ್ತರೆ ‘ಶಾಲೆಗೆ ಚಕ್ಕರ್ ಹೊಡೆಯಲು ನೆವ’ ಎಂದು ಗದರಬಾರದು. ಸಣ್ಣಕರುಳಿನ ಆಳಕ್ಕೆ ಹೋಗಬಲ್ಲ, ಎರಡು ಬಲೂನುಗಳ ನೆರವಿನಿಂದ ಮುಂದುವರಿಯುವ ಉಪಕರಣವನ್ನು ಜಪಾನಿನ ಹಿರೊನೊರಿ ಯಮಾಮೊಟೊ 2001ರಲ್ಲಿ ಪ್ರಕಟಿಸಿದರು. ಅದು ಬಂದ ಮೇಲೆ ಇಂಥ ಮಕ್ಕಳಿಗೆ ಮತ್ತೆ ಮತ್ತೆ ಹೊಟ್ಟೆ ಕೊಯ್ಯುವ ಕಷ್ಟ ಎಷ್ಟೋ ತಗ್ಗಿದೆ.

ಇನ್ನೊಂದು, ಹರೆಯದಲ್ಲಿಯೇ ದೊಡ್ಡಕರುಳಿನ ತುಂಬ ನೂರಾರು, ಸಾವಿರಾರು ಪಾಲಿಪ್‌ಗಳು ಮೂಡುವ ಕಾಯಿಲೆ. ಸುಮಾರು ಹತ್ತು ಸಾವಿರ ಜನರಲ್ಲಿ ಒಬ್ಬರಿಗೆ ಇದು ಬರುತ್ತದೆ. ಇದಕ್ಕೆ ಕಾರಣವಾದ ಎಪಿಸಿ ಎಂಬ ಜೀನ್ 1991ರಲ್ಲಿ ಪತ್ತೆಯಾಯಿತು. ತಂದೆ ಅಥವಾ ತಾಯಿಗೆ ಈ ಕಾಯಿಲೆ ಇದ್ದರೆ ಪ್ರತಿಯೊಂದು ಮಗುವಿಗೂ ಬರುವ ಸಂಭವ ನೂರಕ್ಕೆ ಐವತ್ತು. ಇಲ್ಲಿ ಒಂದೊಂದೇ ಗಂಟು ಕೀಳುತ್ತಾ ಕೂಡಲಾಗದು. ಸಕಾಲದಲ್ಲಿ ದೊಡ್ಡಕರುಳನ್ನೇ ತೆಗೆಯಬೇಕಾಗುತ್ತದೆ. ಆದ್ದರಿಂದ ಅಂಥ ಕುಟುಂಬದ ಮಕ್ಕಳಿಗೆ ಹತ್ತು ಹನ್ನೆರಡನೆಯ ವಯಸ್ಸಿನಿಂದಲೇ ತಪಾಸಣೆ ಆರಂಭಿಸುತ್ತಾರೆ.

ದೊಡ್ಡವರಲ್ಲಿ

ಮಧ್ಯವಯಸ್ಸು ದಾಟಿದವರಲ್ಲಿ ಮುಖ್ಯವಾದದ್ದು ‘ಅಡಿನೋಮ’ ಎಂಬ ಬಗೆ. ಇದು ಕ್ಯಾನ್ಸರ್ ಅಲ್ಲ; ಆದರೆ ಅದರ ಕಡೆಗೆ ಹೊರಟ ದಾರಿಯ ಮೊದಲ ಮೈಲಿಗಲ್ಲು. ದೊಡ್ಡಕರುಳಿನ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ಪಾಲಿಪ್‌ನಿಂದಲೇ ಹುಟ್ಟುತ್ತವೆ ಎಂಬುದನ್ನು ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ರೋಗಶಾಸ್ತ್ರಜ್ಞ ಬೇಸಿಲ್ ಮಾರ್ಸನ್ ದೀರ್ಘಕಾಲದ ಅಧ್ಯಯನದಿಂದ ಪ್ರತಿಪಾದಿಸಿದರು. ಜೀವಕೋಶದ ಜೀನ್‌ಗಳಲ್ಲಿ ಒಂದರ ಮೇಲೊಂದು ದೋಷ ಸೇರುತ್ತಾ ಹೋದಂತೆ ಸಣ್ಣ ಗಂಟು ದೊಡ್ಡದಾಗಿ, ದೊಡ್ಡದು ಕ್ಯಾನ್ಸರ್ ಆಗುತ್ತದೆ ಎಂಬುದನ್ನು ಅಮೆರಿಕದ ಬರ್ಟ್ ವೊಗೆಲ್‌ಸ್ಟೈನ್ ಮತ್ತು ಸಂಗಡಿಗರು 1988ರಲ್ಲಿ ತೋರಿಸಿಕೊಟ್ಟರು.

ಸಮಾಧಾನದ ಸಂಗತಿ ಎರಡು. ಎಲ್ಲ ಅಡಿನೋಮಗಳೂ ಕ್ಯಾನ್ಸರ್ ಆಗುವುದಿಲ್ಲ. ಬಹುಪಾಲು ಹಾಗೆಯೇ ಉಳಿಯುತ್ತವೆ. ಆಗುವಂಥವೂ ಸಾಮಾನ್ಯವಾಗಿ ಹತ್ತು ವರ್ಷದ ಆಸುಪಾಸು ಸಮಯ ತೆಗೆದುಕೊಳ್ಳುತ್ತವೆ. ರೋಗ ನಮಗೆ ಇಷ್ಟು ದೀರ್ಘ ಗಡುವು ಕೊಡುವುದು ವಿರಳ. ಕಳವಳದ ಸಂಗತಿ ಒಂದು: ಈ ಅವಧಿಯಲ್ಲಿ ಅದು ಬಹುತೇಕ ಸದ್ದಿಲ್ಲದೆ ಇರುತ್ತದೆ. ನೋವಿಲ್ಲ, ಜ್ವರವಿಲ್ಲ. ಎಂದೋ ಒಮ್ಮೆ ಚೂರು ರಕ್ತ, ಅಷ್ಟೇ.

ಗಾಜಿನ ಎಳೆಯ ಕತೆ

ಕತ್ತಲೆಯ, ಅಂಕುಡೊಂಕಾದ ಕರುಳಿನೊಳಗೆ ಕಣ್ಣು ಹಾಯಿಸುವುದು ಹೇಗೆ? 1868ರಲ್ಲಿ ಜರ್ಮನಿಯ ವೈದ್ಯ ಅಡಾಲ್ಫ್ ಕುಸ್ಮಾಲ್ ನೆಟ್ಟಗಿನ ಲೋಹದ ಕೊಳವೆಯಿಂದ ಜಠರವನ್ನು ನೋಡಲು ಯತ್ನಿಸಿದಾಗ ಅದನ್ನು ನುಂಗಲು ಕತ್ತಿ ನುಂಗುವ ಪ್ರದರ್ಶನಕಾರನೊಬ್ಬನ ನೆರವು ಪಡೆಯಬೇಕಾಯಿತು! ನೆಟ್ಟಗಿನ ಕೊಳವೆ ಎಲ್ಲರ ಗಂಟಲಿಗೆ ಇಳಿಯುವಂಥದಲ್ಲ. ಬೆಳಕನ್ನು ಬಾಗಿಸಿ ಕೊಂಡೊಯ್ಯುವ ಉಪಾಯ ಬೇಕಿತ್ತು.

ಅದನ್ನು ತೋರಿಸಿಕೊಟ್ಟವರಲ್ಲಿ ಒಬ್ಬರು ಪಂಜಾಬಿನ ಮೋಗಾದಲ್ಲಿ ಜನಿಸಿದ ನರೀಂದರ್ ಸಿಂಗ್ ಕಪಾನಿ. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ತಮ್ಮ ಗುರು ಹೆರಾಲ್ಡ್ ಹಾಪ್‌ಕಿನ್ಸ್ ಜೊತೆ ಸಂಶೋಧನೆ ನಡೆಸಿ, ಕೂದಲಿನಂಥ ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಒಂದು ತುದಿಯಿಂದ ಇನ್ನೊಂದಕ್ಕೆ ಸಾಗಿಸಬಹುದೆಂದು 1954ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಪಠ್ಯಪುಸ್ತಕದಲ್ಲಿ ವಿದ್ಯಾರ್ಥಿಗಳು ಓದುವ ‘ಪೂರ್ಣ ಆಂತರಿಕ ಪ್ರತಿಫಲನ’ವೇ ಇದರ ತತ್ವ. ಎಳೆಯೊಳಗೆ ಹೊಕ್ಕ ಬೆಳಕು ಅಂಚಿಗೆ ಬಡಿದು ಬಡಿದು ಹಿಂತಿರುಗುತ್ತಾ, ಎಳೆ ಬಾಗಿದಲ್ಲಿ ತಾನೂ ಬಾಗಿ ಸಾಗುತ್ತದೆ.

ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿದ್ದ ವೈದ್ಯ ಬೇಸಿಲ್ ಹಿರ್ಶೋವಿಟ್ಸ್ ಈ ಲೇಖನ ಓದಿ ಲಂಡನ್ನಿಗೆ ಹೋಗಿ ಬಂದರು. ಆದರೆ ಎಳೆಗಳು ಒಂದಕ್ಕೊಂದು ತಾಗಿದಲ್ಲಿ ಬೆಳಕು ಸೋರಿಹೋಗುತ್ತಿತ್ತು. ಈ ತೊಡಕನ್ನು ಬಿಡಿಸಿದ್ದು ಅದೇ ವಿಶ್ವವಿದ್ಯಾಲಯದಲ್ಲಿ ಇನ್ನೂ ಪದವಿಗೆ ಓದುತ್ತಿದ್ದ ಭೌತಶಾಸ್ತ್ರದ ವಿದ್ಯಾರ್ಥಿ ಲ್ಯಾರಿ ಕರ್ಟಿಸ್. ಬೆಳಕನ್ನು ಕಡಿಮೆ ಬಾಗಿಸುವ ಬೇರೊಂದು ಗಾಜಿನ ಕೊಳವೆಯೊಳಗೆ ಗಾಜಿನ ಕಡ್ಡಿಯನ್ನಿಟ್ಟು, ಎರಡನ್ನೂ ಕೂಡಿಸಿ ಕರಗಿಸಿ ಎಳೆಯಾಗಿ ಜಗ್ಗಿದ. ಪ್ರತಿಯೊಂದು ಎಳೆಗೂ ಗಾಜಿನ ಅಂಗಿ ತೊಡಿಸಿದಂತಾಯಿತು. ಬೆಳಕಿನ ಸೋರಿಕೆ ನಿಂತಿತು. ಇದು 1956ರ ಡಿಸೆಂಬರ್ ಮಾತು. 1957ರ ಫೆಬ್ರವರಿಯಲ್ಲಿ ಹಿರ್ಶೋವಿಟ್ಸ್ ಆ ಬಳುಕುವ ಉಪಕರಣವನ್ನು ಮೊದಲು ತಾವೇ ನುಂಗಿ ನೋಡಿ, ಬಳಿಕ ರೋಗಿಯ ಮೇಲೆ ಪ್ರಯೋಗಿಸಿದರು. ಇಂದಿನ ಉಪಕರಣಗಳ ತುದಿಯಲ್ಲಿ ಗಾಜಿನ ಎಳೆಯ ಬದಲು ಪುಟ್ಟ ಕ್ಯಾಮರಾ ಇದ್ದು, ಚಿತ್ರ ನೇರವಾಗಿ ಪರದೆಯ ಮೇಲೆ ಮೂಡುತ್ತದೆ. ಆದರೆ ದಾರಿ ತೆರೆದದ್ದು ಆ ಎಳೆಯೇ.

ತಂತಿಯ ಕುಣಿಕೆ

ನೋಡುವುದು ಒಂದು, ತೆಗೆಯುವುದು ಇನ್ನೊಂದು. ಕೈಗೆಟುಕದ ಎತ್ತರದಲ್ಲಿರುವ ಒಂದು ಸಣ್ಣ ಪಾಲಿಪ್ ತೆಗೆಯಲೂ ಆಗ ಹೊಟ್ಟೆ ಸೀಳಿ, ಕರುಳು ತೆರೆದು, ಮತ್ತೆ ಹೊಲಿಯಬೇಕಿತ್ತು. ರೋಗಿ ವಾರಗಟ್ಟಲೆ ಹಾಸಿಗೆ ಹಿಡಿಯಬೇಕಿತ್ತು. ಗಂಟಿಗಿಂತ ಶಸ್ತ್ರಕ್ರಿಯೆಯೇ ಅಪಾಯವೇನೋ ಎಂಬ ಅನುಮಾನ ವೈದ್ಯರಿಗೂ ಇತ್ತು. ನ್ಯೂಯಾರ್ಕಿನ ಬೆತ್ ಇಸ್ರೇಲ್ ಆಸ್ಪತ್ರೆಯಲ್ಲಿದ್ದ ಜಪಾನ್ ಮೂಲದ ಯುವ ಶಸ್ತ್ರಜ್ಞ ಹಿರೋಮಿ ಶಿನ್ಯ, ಹಿರಿಯ ಸಹೋದ್ಯೋಗಿ ವಿಲಿಯಂ ವೂಲ್ಫ್ ಅವರೊಡನೆ ಇದಕ್ಕೊಂದು ಉಪಾಯ ಕಂಡುಕೊಂಡರು. ಕೊಲೊನೋಸ್ಕೋಪ್ ಎಂಬ ದೊಡ್ಡಕರುಳಿನ ದರ್ಶಕದೊಳಗೆ ಉದ್ದಕ್ಕೂ ಒಂದು ಕಿರುಕಾಲುವೆ ಇರುತ್ತದೆ. ಅದರ ಮೂಲಕ ತಂತಿಯ ಕುಣಿಕೆಯನ್ನು ತೂರಿಸಿ, ಗಂಟಿನ ತೊಟ್ಟಿಗೆ ತೊಡಿಸಿ, ಮೆಲ್ಲಗೆ ಬಿಗಿದು, ತಂತಿಗೆ ವಿದ್ಯುತ್ ಹರಿಸಿದರೆ ತೊಟ್ಟು ಕತ್ತರಿಸುತ್ತದೆ; ಅದೇ ಬಿಸಿಗೆ ರಕ್ತನಾಳಗಳ ಬಾಯಿಯೂ ಮುಚ್ಚಿಕೊಳ್ಳುತ್ತದೆ. 1969ರ ಸೆಪ್ಟೆಂಬರಿನಲ್ಲಿ ಶಿನ್ಯ ಹೀಗೆ ಮೊದಲ ಪಾಲಿಪ್ ತೆಗೆದರು. 1973ರಲ್ಲಿ ಇಬ್ಬರೂ ಸುಮಾರು ಮುನ್ನೂರು ಪಾಲಿಪ್‌ಗಳನ್ನು ತೆಗೆದ ಅನುಭವವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದಾಗ ಜಗತ್ತಿನ ಕಣ್ಣು ಅತ್ತ ಹೊರಳಿತು.

ಇಂದು ಈ ವಿದ್ಯೆ ಇನ್ನಷ್ಟು ನಯವಾಗಿದೆ. ಒಂದು ಸೆಂಟಿಮೀಟರಿಗಿಂತ ಚಿಕ್ಕ ಗಂಟುಗಳನ್ನು ಸಾಮಾನ್ಯವಾಗಿ ವಿದ್ಯುತ್ ಇಲ್ಲದೆ ಬರಿಯ ಕುಣಿಕೆಯಿಂದಲೇ ಕತ್ತರಿಸುತ್ತಾರೆ. ಇದರಿಂದ ಕರುಳಿಗೆ ಸುಟ್ಟಗಾಯದ ಭಯವಿಲ್ಲ. ಚಪ್ಪಟೆ ಗಂಟಾದರೆ ಅದರ ಅಡಿಗೆ ಸೂಜಿಯಿಂದ ಲವಣಜಲ ಚುಚ್ಚಿ, ಗಂಟನ್ನು ದಿಂಬಿನ ಮೇಲಿಟ್ಟಂತೆ ಎತ್ತಿ, ಬಳಿಕ ಕತ್ತರಿಸುತ್ತಾರೆ. ಕರುಳಿನ ಗೋಡೆ ಕೆಲವೇ ಮಿಲಿಮೀಟರ್ ದಪ್ಪ. ಅದು ತೂತಾಗದಂತೆ ಕಾಯುವುದು ಆ ನೀರಿನ ದಿಂಬು. ರಕ್ತ ಜಿನುಗಿದರೆ ಒಳಗಿನಿಂದಲೇ ಹಾಕುವ ಪುಟ್ಟ ಲೋಹದ ಕ್ಲಿಪ್‌ಗಳಿವೆ.

ಅಧ್ಯಕ್ಷರ ಕರುಳು

ತಡವಾದರೆ ಏನಾಗುತ್ತದೆ ಎಂಬುದಕ್ಕೆ ಜಗತ್ತೇ ನೋಡಿದ ಒಂದು ನಿದರ್ಶನವಿದೆ. ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ 1985ರ ಜುಲೈ 12ರಂದು ಸಣ್ಣದೊಂದು ಪಾಲಿಪ್ ತೆಗೆಸಿಕೊಳ್ಳಲು ಬೆಥೆಸ್ಡಾದ ನೌಕಾ ಆಸ್ಪತ್ರೆಗೆ ಹೋದರು. ಅದನ್ನು ತೆಗೆದ ವೈದ್ಯರು ಕೊಲೊನೋಸ್ಕೋಪನ್ನು ದೊಡ್ಡಕರುಳಿನ ಆರಂಭದವರೆಗೂ ಕೊಂಡೊಯ್ದಾಗ ಅಲ್ಲಿ ಇನ್ನೊಂದು ದೊಡ್ಡ ಗಂಟು ಕಂಡಿತು. ಕುಣಿಕೆಗೆ ಸಿಗುವ ಗಾತ್ರ ಅದಾಗಿರಲಿಲ್ಲ. ಮರುದಿನವೇ, ಅಧಿಕಾರವನ್ನು ಕೆಲವು ಗಂಟೆಗಳ ಮಟ್ಟಿಗೆ ಉಪಾಧ್ಯಕ್ಷ ಜಾರ್ಜ್ ಬುಷ್ ಅವರಿಗೆ ವಹಿಸಿ, ರೇಗನ್ ಶಸ್ತ್ರಚಿಕಿತ್ಸೆಗೆ ಒಳಗಾದರು. ಸುಮಾರು ಎರಡು ಅಡಿ ಕರುಳನ್ನು ತೆಗೆಯಬೇಕಾಯಿತು. ಗಂಟಿನಲ್ಲಿ ಕ್ಯಾನ್ಸರ್ ಇತ್ತು, ಆದರೆ ಹೊರಗೆ ಹರಡಿರಲಿಲ್ಲ. ಅವರು 2004ರವರೆಗೆ, 93 ವರ್ಷ ಬದುಕಿದರು.

ಸಣ್ಣ ಗಂಟಿಗೆ ಕುಣಿಕೆ ಸಾಕಾಯಿತು. ದೊಡ್ಡ ಗಂಟಿಗೆ ಎರಡು ಅಡಿ ಕರುಳು ಹೋಯಿತು. ಒಬ್ಬನೇ ರೋಗಿಯಲ್ಲಿ ಎರಡೂ ಪಾಠಗಳಿವೆ.

ಫಲ ಎಷ್ಟು?

ಅಮೆರಿಕದ ‘ರಾಷ್ಟ್ರೀಯ ಪಾಲಿಪ್ ಅಧ್ಯಯನ’ ಈ ಪ್ರಶ್ನೆಯನ್ನೇ ಕೈಗೆತ್ತಿಕೊಂಡಿತು. ಅಡಿನೋಮ ತೆಗೆಸಿಕೊಂಡ 1,418 ಜನರನ್ನು ವರ್ಷಗಳ ಕಾಲ ಗಮನಿಸಿ 1993ರಲ್ಲಿ ಅದು ಹೇಳಿದ್ದು: ಹೋಲಿಕೆಗೆ ತೆಗೆದುಕೊಂಡ ಗುಂಪುಗಳ ಆಧಾರದಲ್ಲಿ ನಿರೀಕ್ಷಿಸಿದ್ದಕ್ಕಿಂತ ಇವರಲ್ಲಿ ದೊಡ್ಡಕರುಳಿನ ಕ್ಯಾನ್ಸರ್ ಶೇಕಡ 76ರಿಂದ 90ರಷ್ಟು ಕಡಿಮೆ. ಇದೇ ಅಧ್ಯಯನದ 2012ರ ವರದಿಯಂತೆ ಆ ಕ್ಯಾನ್ಸರ್‌ನಿಂದಾಗುವ ಸಾವು ಶೇಕಡ 53ರಷ್ಟು ಕಡಿಮೆ.

ಹಾಗೆಂದು ಎಲ್ಲರೂ ನಾಳೆಯೇ ಆಸ್ಪತ್ರೆಗೆ ಓಡಬೇಕಿಲ್ಲ. ಪೋಲೆಂಡ್, ನಾರ್ವೆ, ಸ್ವೀಡನ್‌ಗಳಲ್ಲಿ ಆರೋಗ್ಯವಂತರನ್ನೇ ತಪಾಸಣೆಗೆ ಆಹ್ವಾನಿಸಿ ನಡೆಸಿದ ದೊಡ್ಡ ಅಧ್ಯಯನದ ಫಲಿತಾಂಶ 2022ರಲ್ಲಿ ಬಂತು. ಹತ್ತು ವರ್ಷಗಳಲ್ಲಿ ಆಹ್ವಾನಿತರ ಗುಂಪಿನಲ್ಲಿ ಕ್ಯಾನ್ಸರ್ ಶೇಕಡ 18ರಷ್ಟು ಮಾತ್ರ ಕಡಿಮೆಯಾಗಿತ್ತು. ಕರೆದವರಲ್ಲಿ ಅರ್ಧಕ್ಕಿಂತ ಕಡಿಮೆ ಜನ ಬಂದಿದ್ದರು ಎಂಬುದನ್ನೂ ಇಲ್ಲಿ ನೆನೆಯಬೇಕು. ಅಮೆರಿಕದಲ್ಲಿ 45 ದಾಟಿದ ಎಲ್ಲರಿಗೂ ತಪಾಸಣೆಯ ಸಲಹೆಯಿದೆ. ಪಾಶ್ಚಾತ್ಯರಿಗೆ ಹೋಲಿಸಿದರೆ ದೊಡ್ಡಕರುಳಿನ ಕ್ಯಾನ್ಸರ್ ಕಡಿಮೆಯಿರುವ ನಮ್ಮಲ್ಲಿ ಅಂಥ ಸಾರ್ವತ್ರಿಕ ಕಾರ್ಯಕ್ರಮವಿಲ್ಲ. ನಮ್ಮಲ್ಲಿ ಮುಖ್ಯವಾದವು ಎರಡು: ಲಕ್ಷಣ ಕಂಡಾಗ ತಡಮಾಡದಿರುವುದು; ಕುಟುಂಬದಲ್ಲಿ ಕಾಯಿಲೆ ಇದ್ದರೆ ಮುಂಚಿತವಾಗಿ ನೋಡಿಸಿಕೊಳ್ಳುವುದು.

ಚಿಕಿತ್ಸೆಯ ದಿನ

ರೋಗಿಗಳನ್ನು ಕೇಳಿದರೆ ಕಷ್ಟದ ಭಾಗ ಚಿಕಿತ್ಸೆಯಲ್ಲ, ಹಿಂದಿನ ದಿನದ ಸಿದ್ಧತೆ ಎನ್ನುವವರೇ ಹೆಚ್ಚು. ಕರುಳು ತೊಳೆದಿಟ್ಟ ಪಾತ್ರೆಯಂತೆ ಚೊಕ್ಕಟವಾಗಿರಬೇಕು. ಅದಕ್ಕಾಗಿ ಒಂದೆರಡು ದಿನ ಮೊದಲಿನಿಂದ ಸೊಪ್ಪು, ಸೀಬೆಹಣ್ಣು, ಟೊಮೆಟೊಗಳಂಥ ನಾರು ಮತ್ತು ಬೀಜದ ಪದಾರ್ಥಗಳನ್ನು ಬಿಟ್ಟು, ಹಿಂದಿನ ದಿನ ಎಳನೀರು, ಗಂಜಿಯ ತಿಳಿಯಂಥ ದ್ರವಗಳನ್ನಷ್ಟೇ ಸೇವಿಸಿ, ಲೀಟರುಗಟ್ಟಲೆ ಭೇದಿಯ ದ್ರಾವಣವನ್ನು ಕುಡಿಯಬೇಕು. ಹತ್ತಾರು ಬಾರಿ ಶೌಚಾಲಯಕ್ಕೆ ಹೋಗಬೇಕಾಗುತ್ತದೆ. ಬೇಸರಪಟ್ಟು ಅರ್ಧಕ್ಕೆ ನಿಲ್ಲಿಸಿದರೆ ಮಲದ ಮರೆಯಲ್ಲಿ ಗಂಟು ಅಡಗಿಕೊಳ್ಳುತ್ತದೆ. ಇಡೀ ಶ್ರಮ ವ್ಯರ್ಥ.

ಇದಕ್ಕೆ ಇನ್ನೊಂದು ಕಾರಣವೂ ಇದೆ. ಕರುಳಿನ ಬ್ಯಾಕ್ಟೀರಿಯಾಗಳು ಹೈಡ್ರೋಜನ್, ಮೀಥೇನ್ ಅನಿಲಗಳನ್ನು ಉತ್ಪತ್ತಿ ಮಾಡುತ್ತವೆ. ಎರಡೂ ಹೊತ್ತಿಕೊಳ್ಳುವಂಥವು. ಮ್ಯಾನಿಟಾಲ್ ಎಂಬ ಸಕ್ಕರೆಯಂಥ ವಸ್ತುವನ್ನು ಭೇದಿಗೆ ಕೊಡುತ್ತಿದ್ದ ಕಾಲದಲ್ಲಿ, ಅದು ಬ್ಯಾಕ್ಟೀರಿಯಾಗಳಿಗೆ ಆಹಾರವಾಗಿ ಹೈಡ್ರೋಜನ್ ಹೆಚ್ಚಿ, ವಿದ್ಯುತ್ ಕುಣಿಕೆಯ ಕಿಡಿಗೆ ಕರುಳಿನೊಳಗೆ ಸ್ಫೋಟವಾಗಿ ರೋಗಿ ಮೃತಪಟ್ಟ ಘಟನೆ 1979ರಲ್ಲಿ ವರದಿಯಾಯಿತು. ಇಂದು ಪಾಲಿಎಥಿಲೀನ್ ಗ್ಲೈಕಾಲ್‌ನಂಥ, ಬ್ಯಾಕ್ಟೀರಿಯಾಗಳು ಜೀರ್ಣಿಸಲಾರದ ವಸ್ತುವಿನ ದ್ರಾವಣ ಬಂದಿದೆ. ಅಂಥ ಅಪಾಯ ಅತ್ಯಂತ ವಿರಳವಾಗಿದೆ.

ಚಿಕಿತ್ಸೆಯ ವೇಳೆ ದೊಡ್ಡವರಿಗೆ ಮಂಪರು ಬರಿಸುವ ಚುಚ್ಚುಮದ್ದು, ಮಕ್ಕಳಿಗೆ ಸಾಮಾನ್ಯವಾಗಿ ಪೂರ್ಣ ಅರಿವಳಿಕೆ ಕೊಡುತ್ತಾರೆ. ಕರುಳಿನ ಒಳಪೊರೆಗೆ ಕತ್ತರಿಸಿದ ನೋವು ತಿಳಿಯುವುದಿಲ್ಲ. ಅದಕ್ಕೆ ತಿಳಿಯುವುದು ಹಿಗ್ಗಿದ ನೋವು. ಆದ್ದರಿಂದ ಗಾಳಿ ತುಂಬಿದ ಉಬ್ಬರವಷ್ಟೇ ಅನುಭವಕ್ಕೆ ಬರುತ್ತದೆ. ಒಂದಿಬ್ಬರು ಅಪರಿಚಿತರ ಮುಂದೆ ಮಲಗುವ ನಾಚಿಕೆಯೇ ಹಲವರಿಗೆ ಹೆಚ್ಚಿನ ನೋವು. ಹರೆಯದ ಮಕ್ಕಳಿಗಂತೂ ಇದು ದೊಡ್ಡ ಸಂಗತಿ. ಏನು ಮಾಡುತ್ತಾರೆ, ಮೈ ಎಷ್ಟು ಮುಚ್ಚಿರುತ್ತದೆ ಎಂಬುದನ್ನು ಮೊದಲೇ ತಿಳಿಸಿ ಹೇಳಿದರೆ ಅರ್ಧ ಭಯ ಹೋಗುತ್ತದೆ. ‘ಏನೂ ಇಲ್ಲ, ಸುಮ್ಮನೆ ಡಾಕ್ಟರನ್ನು ನೋಡಿಕೊಂಡು ಬರೋಣ’ ಎಂದು ಸುಳ್ಳು ಹೇಳಿ ಕರೆದೊಯ್ಯಬಾರದು.

ಮನೆಗೆ ಬಂದ ಮೇಲೆ

ಆ ದಿನ ಹೊಟ್ಟೆ ಸ್ವಲ್ಪ ಉಬ್ಬರಿಸಿರುತ್ತದೆ, ನಿದ್ದೆಯ ಮಂಕು ಇರುತ್ತದೆ. ಇಪ್ಪತ್ನಾಲ್ಕು ಗಂಟೆ ಸ್ಕೂಟರು, ಕಾರು ಓಡಿಸಬಾರದು. ಮುಖ್ಯ ಕಾಗದಪತ್ರಗಳಿಗೆ ಸಹಿ ಹಾಕಬಾರದು. ಮಗು ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಶಾಲೆಗೆ ಹೋಗಬಹುದು. ಓಟ, ಕಬಡ್ಡಿ, ಭಾರ ಎತ್ತುವುದು ಇತ್ಯಾದಿಗೆ ವೈದ್ಯರು ಹೇಳಿದಷ್ಟು ದಿನ ಬಿಡುವು ಕೊಡಬೇಕು. ದೂರದ ಪ್ರವಾಸವನ್ನೂ ಮುಂದೂಡುವುದು ಲೇಸು.

ಅಪಾಯವೇ ಇಲ್ಲವೆಂದಲ್ಲ. ಎಲ್ಲ ಬಗೆಯ ಗಂಟುಗಳನ್ನೂ ಸೇರಿಸಿ ನೋಡಿದರೆ ಗಮನಾರ್ಹ ರಕ್ತಸ್ರಾವ ನೂರರಲ್ಲಿ ಒಬ್ಬರಿಗೆ ಅಥವಾ ಅದಕ್ಕೂ ಕಡಿಮೆ. ಗಂಟು ದೊಡ್ಡದಾದಷ್ಟೂ ಹೆಚ್ಚು. ಗಾಯದ ಹೊಪ್ಪಳೆ ಕಳಚುವ ವೇಳೆಗೆ, ಎರಡು ವಾರದವರೆಗೂ ಇದು ಆಗಬಹುದು. ಕರುಳು ತೂತಾಗುವುದು ಸಾವಿರಕ್ಕೆ ಒಬ್ಬರ ಆಸುಪಾಸು. ವಿದ್ಯುತ್ತಿನ ಬಿಸಿ ಗೋಡೆಯ ಆಳಕ್ಕಿಳಿದರೆ ತೂತಾಗದೆಯೂ ಜ್ವರ, ಹೊಟ್ಟೆನೋವು ಕಾಣಿಸಬಹುದು. ಹೊಟ್ಟೆ ಕಲ್ಲಿನಂತೆ ಬಿಗಿಯುವುದು, ತಡೆಯಲಾಗದ ನೋವು, ಜ್ವರ, ಹೆಪ್ಪುಹೆಪ್ಪಾಗಿ ರಕ್ತ ಹೋಗುವುದು, ತಲೆಸುತ್ತು—ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಧಾವಿಸಬೇಕು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಮೊದಲೇ ವೈದ್ಯರಿಗೆ ಹೇಳಬೇಕು. ಹೃದ್ರೋಗಿಗಳು ಅವುಗಳನ್ನು ತಾವಾಗಿಯೇ ನಿಲ್ಲಿಸುವುದು ಇನ್ನೊಂದು ಅಪಾಯ.

ತೆಗೆದ ಗಂಟು ರೋಗಶಾಸ್ತ್ರಜ್ಞರ ಸೂಕ್ಷ್ಮದರ್ಶಕದ ಕೆಳಗೆ ಹೋಗುತ್ತದೆ. ವರದಿ ಬರುವವರೆಗಿನ ಆ ಕೆಲವು ದಿನಗಳೇ ಮನೆಯವರಿಗೆ ಬಲು ಉದ್ದ. ಪರೀಕ್ಷೆಗೆ ಕಳುಹಿಸಿದ್ದಾರೆ ಎಂದಾಕ್ಷಣ ಕ್ಯಾನ್ಸರ್ ಎಂದು ಭಾವಿಸಬೇಕಿಲ್ಲ. ತೆಗೆದ ಪಾಲಿಪ್‌ಗಳನ್ನು ಪರೀಕ್ಷಿಸುವುದು ವಾಡಿಕೆ. ಮಗುವಿನ ಒಂಟಿ ಜುವೆನೈಲ್ ಪಾಲಿಪ್ ಎಂದು ವರದಿ ಬಂದರೆ ಸಾಮಾನ್ಯವಾಗಿ ಅಲ್ಲಿಗೆ ಮುಗಿಯಿತು. ಅಡಿನೋಮವಾದರೆ ಗಾತ್ರ ಮತ್ತು ಸಂಖ್ಯೆಯನ್ನು ನೋಡಿ ಮರುತಪಾಸಣೆ ನಿರ್ಧಾರವಾಗುತ್ತದೆ. 2020ರ ಅಮೆರಿಕದ ಮಾರ್ಗಸೂಚಿಯಂತೆ ಒಂದೆರಡು ಸಣ್ಣ ಅಡಿನೋಮಗಳಿದ್ದವರಿಗೆ 7ರಿಂದ 10 ವರ್ಷ, ಒಂದು ಸೆಂಟಿಮೀಟರ್ ಅಥವಾ ದೊಡ್ಡದಿದ್ದವರಿಗೆ 3 ವರ್ಷ, ತುಂಡುತುಂಡಾಗಿ ತೆಗೆದ ಬಹು ದೊಡ್ಡ ಗಂಟಾದರೆ 6 ತಿಂಗಳು. ಗಂಟು ಹೋಯಿತೆಂದು ಆ ದಿನಾಂಕವನ್ನು ಮರೆಯುವವರೇ ಹೆಚ್ಚು. ವರದಿಯನ್ನು ಮಕ್ಕಳ ಅಂಕಪಟ್ಟಿಯಷ್ಟೇ ಜೋಪಾನವಾಗಿ ಇಡಬೇಕು.

ತಂದೆ, ತಾಯಿ, ಅಣ್ಣ, ತಂಗಿ—ಇವರಲ್ಲಿ ಯಾರಿಗಾದರೂ ದೊಡ್ಡಕರುಳಿನ ಕ್ಯಾನ್ಸರ್ ಬಂದಿದ್ದರೆ ಉಳಿದವರು 40ನೆಯ ವಯಸ್ಸಿನಲ್ಲಿ, ಅಥವಾ ಅವರಿಗೆ ಕಾಯಿಲೆ ಪತ್ತೆಯಾದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಮುಂಚೆಯೋ ಆಗ ತಪಾಸಣೆ ಆರಂಭಿಸುವುದು ರೂಢಿಯಲ್ಲಿರುವ ಸಲಹೆ. ಇದು ಸಾಧ್ಯವಾಗಬೇಕಾದರೆ ಮನೆಯಲ್ಲಿ ಯಾರಿಗೆ ಏನಾಗಿತ್ತು ಎಂಬುದು ಮನೆಯವರಿಗೆ ಗೊತ್ತಿರಬೇಕು. ‘ಅಜ್ಜನಿಗೆ ಹೊಟ್ಟೆಯ ಏನೋ ತೊಂದರೆಯಾಗಿತ್ತು’ ಎಂಬಷ್ಟು ತಿಳಿದಿದ್ದರೆ ಸಾಲದು.

ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿ ರಕ್ತ ಕಂಡರೂ ಗೆಳೆಯರು ನಕ್ಕಾರೆಂದು ಮುಚ್ಚಿಡುತ್ತಾನೆ. ತಾಯಿ ಮಕ್ಕಳ ಪರೀಕ್ಷೆ ಮುಗಿಯಲಿ ಎಂದು ತನ್ನದನ್ನು ಮುಂದೂಡುತ್ತಾಳೆ. ತಂದೆ ಖರ್ಚಿಗೆ ಹೆದರಿ ಸುಮ್ಮನಿರುತ್ತಾನೆ. ನೆಗಡಿ, ತಲೆನೋವನ್ನು ಊಟಕ್ಕೆ ಕುಳಿತಾಗ ಹೇಳಿಕೊಳ್ಳುವ ನಾವು ಇದನ್ನು ಮಾತ್ರ ಬಾಯಿಬಿಡುವುದಿಲ್ಲ. ಮಲದಲ್ಲಿ ರಕ್ತ ಮತ್ತೆ ಮತ್ತೆ ಕಂಡರೆ, ಕಾರಣವಿಲ್ಲದೆ ರಕ್ತಹೀನತೆ ಬಂದರೆ, ಮಲವಿಸರ್ಜನೆಯ ಕ್ರಮ ವಾರಗಟ್ಟಲೆ ಬದಲಾದರೆ ವೈದ್ಯರಿಗೆ ತೋರಿಸಿ. ಅದು ಮೂಲವ್ಯಾಧಿಯೇ ಆಗಿದ್ದರೆ ಮನಸ್ಸಿಗೆ ನೆಮ್ಮದಿ. ಪಾಲಿಪ್ ಆಗಿದ್ದರೆ ಅದು ಇನ್ನೂ ಕುಣಿಕೆಗೆ ಸಿಗುವಷ್ಟು ಚಿಕ್ಕದಿರುವಾಗಲೇ ಸಿಕ್ಕಿಬೀಳುತ್ತದೆ.